ರೋ ಹೌಸ್ ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲೋ, ನಿಜವಾದ ಹುಲ್ಲೋ, ಕಲ್ಲೋ?

ಗೋಡೆಗೆ ಗೋಡೆ ತಾಗಿ ಸಾಲಾಗಿ ನಿಂತ ಬೆಂಗಳೂರಿನ ರೋ ಹೌಸ್‌ಗಳಲ್ಲಿ ಮನೆ ಹಿಂದೆ ಸಿಗುವ ಖಾಲಿ ಜಾಗ ಹೆಚ್ಚೆಂದರೆ ಒಂದು ಕೋಣೆಯಷ್ಟು. 10 ಅಡಿಗೆ 14 ಅಡಿ ಇದ್ದರೆ ದೊಡ್ಡದೇ. ಬಟ್ಟೆ ಒಣಹಾಕುವ ತಂತಿ, ತುಳಸಿಕಟ್ಟೆ, ಚೇಂಬರ್ ಮುಚ್ಚಳ, ಮಗುವಿನ ಸೈಕಲ್ ಎಲ್ಲ ಅಲ್ಲೇ. ಅದನ್ನು ಹಸಿರು ಮಾಡೋಣ ಅಂತ ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಕೃತಕ ಹುಲ್ಲು. ಅಂಗಡಿಯಲ್ಲಿ ಇದನ್ನು ಟರ್ಫ್ ಅನ್ನುತ್ತಾರೆ, ಕೆಲವರು ಗ್ರಾಸ್ ಮ್ಯಾಟ್ ಅನ್ನುತ್ತಾರೆ. ಬೆಳಿಗ್ಗೆ ಬಂದು ಹಾಸಿದರೆ ಸಂಜೆಗೆ ಹಿತ್ತಲು ಹಸಿರು. ನೀರು ಬೇಡ, ಕತ್ತರಿಸುವುದು ಬೇಡ, ಕೆಸರಿಲ್ಲ ಎನ್ನುತ್ತಾರೆ.

ಇದರಲ್ಲಿ ಅರ್ಧ ನಿಜ. ಯಾವ ಅರ್ಧ ನಿಜ ಅನ್ನುವುದು ನಿಮ್ಮ ಹಿತ್ತಲಿನ ಮೇಲೆ ನಿಂತಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಣ್ಣು, ಬಿಸಿಲು ಎರಡೂ ಇರುವ ಕಡೆ ಪ್ಲಾಸ್ಟಿಕ್ ಹಾಸಬೇಡಿ. ಎರಡೂ ಇಲ್ಲದ ಕಡೆ ಅದು ಒಳ್ಳೆಯ ಆಯ್ಕೆ. ಒಂದಿದ್ದು ಇನ್ನೊಂದು ಇಲ್ಲದಿದ್ದಾಗಲೇ ಕೂತು ಯೋಚಿಸಬೇಕು.

ಈ ಪ್ಲಾಸ್ಟಿಕ್ ಹುಲ್ಲಿನ ಕಥೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಅನ್ನುವ ಮುಚ್ಚಿದ ಕ್ರೀಡಾಂಗಣ ಶುರುವಾಯಿತು. ಮೊದಲು ಅಲ್ಲಿದ್ದದ್ದು ನಿಜವಾದ ಹುಲ್ಲು. ಚಾವಣಿಯ ಪಾರದರ್ಶಕ ಹಲಗೆಗಳಿಂದ ಬರುವ ಬೆಳಕು ಆಟಗಾರರ ಕಣ್ಣಿಗೆ ಹೊಡೆಯುತ್ತದೆ ಅಂತ ಅವಕ್ಕೆ ಬಣ್ಣ ಬಳಿದರು. ಬಿಸಿಲು ನಿಂತಿತು, ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿಗೆ ಪ್ಲಾಸ್ಟಿಕ್ ಹುಲ್ಲು ಬಂತು. ಅದಕ್ಕೆ ಆಸ್ಟ್ರೋಟರ್ಫ್ ಎಂಬ ಹೆಸರು ಬಿದ್ದದ್ದೂ ಆ ಕ್ರೀಡಾಂಗಣದಿಂದಲೇ. ಅಂದರೆ ಇದು ಹೆಸರು ಮಾಡಿದ್ದು ಹುಲ್ಲು ಬೆಳೆಯಲಾಗದ ಜಾಗದಲ್ಲಿ. ಅಂಥ ಜಾಗಕ್ಕೆ ಅದು ಇವತ್ತಿಗೂ ಸರಿ.

ಮೊದಲು ಬಿಸಿಲು ಲೆಕ್ಕ ಹಾಕಿ

ಹೆಚ್ಚಿನವರು ಇಲ್ಲೇ ಮೋಸ ಹೋಗುತ್ತಾರೆ. ಯಾಕೆಂದರೆ ಹಿತ್ತಲಿನ ಬಿಸಿಲು ವರ್ಷವಿಡೀ ಒಂದೇ ತರ ಇರುವುದಿಲ್ಲ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳಿಗೆ ಕೋಲು ನೆಟ್ಟು ತೋರಿಸುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ಸುಮಾರು 8 ತಿಂಗಳು ದಕ್ಷಿಣಕ್ಕೆ.

ಈಗ ನಿಮ್ಮ ಹಿತ್ತಲು ಮನೆಯ ಉತ್ತರಕ್ಕಿದೆ ಅಂದುಕೊಳ್ಳಿ. ಮನೆ 30 ಅಡಿ ಎತ್ತರ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. 10 ಅಡಿಯ ಹಿತ್ತಲು ಪೂರ್ತಿ ನೆರಳಲ್ಲಿ ಮುಳುಗುತ್ತದೆ. ಲೆಕ್ಕ ಹಾಕಿದರೆ ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೂ ಮಧ್ಯಾಹ್ನದ ಬಿಸಿಲು ಆ ನೆಲಕ್ಕೆ ತಾಕುವುದೇ ಇಲ್ಲ. ಅದೇ ಹಿತ್ತಲನ್ನು ಮೇ ತಿಂಗಳಲ್ಲಿ ನೋಡಿ, ಧಗಧಗ ಬಿಸಿಲು. ಮೇನಲ್ಲಿ ಮನೆ ನೋಡಿದವರು ‘ಒಳ್ಳೆ ಬಿಸಿಲಿದೆ’ ಅಂತ ಲಾನ್ ಹಾಕಿಸುತ್ತಾರೆ. ಜನವರಿಯಲ್ಲಿ ಅದು ಬೋಳಾಗುತ್ತದೆ. ಆಮೇಲೆ ಹುಲ್ಲಿನ ಮೇಲೆ ಸಿಟ್ಟು ಬಂದು ಪ್ಲಾಸ್ಟಿಕ್ಕಿಗೆ ಹೋಗುತ್ತಾರೆ.

ಹಿತ್ತಲು ದಕ್ಷಿಣಕ್ಕಿದ್ದರೆ ಈ ತೊಂದರೆ ನಿಮ್ಮ ಮನೆಯಿಂದ ಬರುವುದಿಲ್ಲ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಿಂದಿನ ಸಾಲಿನ ಮನೆಯಿಂದ ಬರುತ್ತದೆ. ಪೂರ್ವದ ಹಿತ್ತಲಿಗೆ ಬೆಳಗಿನ ಬಿಸಿಲು. ಹುಲ್ಲಿಗೂ ಹಿತ, ಮನುಷ್ಯರಿಗೂ ಹಿತ. ಪಶ್ಚಿಮದ್ದು ಮಧ್ಯಾಹ್ನ 2ರಿಂದ 5ರವರೆಗೆ ಕಾಯುತ್ತದೆ. ನಿಜವಾದ ಹುಲ್ಲು ತಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಮೇಲೆ ಆ ಹೊತ್ತಿನಲ್ಲಿ ಬರಿಗಾಲು ಇಡಲು ಆಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಂದು ಫೋಟೊ ಮಹಡಿಯ ಕಿಟಕಿಯಿಂದ ತೆಗೆಯಿರಿ. ನೆಲದ ಮೇಲೆ ಎಷ್ಟು ಗಂಟೆ ಬಿಸಿಲು ಬಿತ್ತು ಎಣಿಸಿ. ಆಮೇಲೆ ಮೇಲಿನ ಲೆಕ್ಕ ನೆನಪಿಟ್ಟುಕೊಂಡು, ಇದು ಚಳಿಗಾಲದಲ್ಲಿ ಎಷ್ಟಾದೀತು ಅಂತ ಯೋಚಿಸಿ. 5-6 ಗಂಟೆ ಇದ್ದರೆ ಯಾವ ಹುಲ್ಲಾದರೂ ಬರುತ್ತದೆ. 3-4 ಗಂಟೆ ಇದ್ದರೆ ಆರಿಸಿಕೊಂಡು ಹಾಕಬೇಕು. 2 ಗಂಟೆಗಿಂತ ಕಡಿಮೆ ಇದ್ದರೆ ಹುಲ್ಲಿನ ಆಸೆ ಬಿಡಿ.

ಆಮೇಲೆ ನೆಲ ಕೆದಕಿ

ಒಂದು ಹಾರೆ ತೊಗೊಂಡು ಎರಡು ಮೂರು ಕಡೆ ಒಂದು ಅಡಿ ಆಳ ಅಗೆದು ನೋಡಿ. ಕೆಮ್ಮಣ್ಣು ಬಂದರೆ ಅದೃಷ್ಟ. ಬಹಳಷ್ಟು ರೋ ಹೌಸ್‌ಗಳಲ್ಲಿ ಬರುವುದು ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಟೈಲ್ಸ್ ಒಡಕು. ಕಟ್ಟಿದವರು ಉಳಿದದ್ದನ್ನೆಲ್ಲ ಹಿತ್ತಲಿಗೆ ಸುರಿದು ಮೇಲೆ 3 ಇಂಚು ಮಣ್ಣು ಹರಡಿರುತ್ತಾರೆ. ಹುಲ್ಲಿಗೆ ಕನಿಷ್ಠ 6 ಇಂಚು ಒಳ್ಳೆಯ ಮಣ್ಣು ಬೇಕು. ಇಲ್ಲದಿದ್ದರೆ ಆ ಚೂರೆಲ್ಲ ತೆಗೆಸಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಬೇಕು. ರೋ ಹೌಸ್‌ನಲ್ಲಿ ಹಿತ್ತಲಿಗೆ ಹೊರಗಿನಿಂದ ದಾರಿ ಇರುವುದಿಲ್ಲ. ಮಣ್ಣೆಲ್ಲ ಹಾಲ್ ದಾಟಿಯೇ ಹೋಗಬೇಕು. ಕೆಲಸದವರು ಅದಕ್ಕೆ ಜಾಸ್ತಿ ಕೇಳುತ್ತಾರೆ, ಕೇಳುವುದು ನ್ಯಾಯವೇ.

ಕೆಲವು ಕಡೆ ಅಗೆದರೆ ಹಾರೆಗೆ ಠಣ್ ಅಂತ ಕಾಂಕ್ರೀಟ್ ಸಿಗುತ್ತದೆ. ಕೆಳಗೆ ಪಾರ್ಕಿಂಗ್ ಇರಬಹುದು, ಸಂಪ್ ಇರಬಹುದು. ಅಲ್ಲಿ ಕಥೆಯೇ ಬೇರೆ. ಅಂಥ ಕಡೆ ಮಣ್ಣು ಹೇರುವ ಮೊದಲು ಚಾವಣಿ ಎಷ್ಟು ಭಾರ ತಡೆಯುತ್ತದೆ, ವಾಟರ್‌ಪ್ರೂಫಿಂಗ್ ಇದೆಯಾ ಅಂತ ಅಸೋಸಿಯೇಷನ್‌ನಲ್ಲಿ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಟರ್ಫ್ ಅಥವಾ ಕುಂಡಗಳೇ ಸೇಫ್.

ನೀರು ಉಳಿಯುತ್ತದೆ ಅನ್ನುವ ಮಾತು

2024ರ ಮಾರ್ಚ್ ಯಾರೂ ಮರೆತಿಲ್ಲ. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಹಾಗಾಗಿ ‘ಟರ್ಫ್ ಹಾಕಿದರೆ ನೀರು ಉಳಿಯುತ್ತೆ’ ಅನ್ನುವ ಮಾತು ಮನಸ್ಸಿಗೆ ನಾಟುತ್ತದೆ. ದೊಡ್ಡ ಲಾನ್‌ಗಳಿಗೆ ಅದು ನಿಜವೂ ಹೌದು. ಆದರೆ ನಮ್ಮ ಹಿತ್ತಲಿನ ಲೆಕ್ಕ ಮಾಡಿ ನೋಡೋಣ.

140 ಚದರಡಿ ಅಂದರೆ 13 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4-5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಹಾಗಾಗಿ ದಿನಕ್ಕೆ 52ರಿಂದ 65 ಲೀಟರ್. ಸುಮಾರು 3 ಬಕೆಟ್. ಅಕ್ಕಿ, ತರಕಾರಿ ತೊಳೆದ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟರೆ ಅರ್ಧ ಅಲ್ಲೇ ಬಂತು. ಆರ್‌ಓ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಅದನ್ನು ಬೇರೆ ನೀರಿಗೆ ಬೆರೆಸಿ, ಆಗೊಮ್ಮೆ ಈಗೊಮ್ಮೆ ಮಾತ್ರ ಹಾಕಿ. ಲೇಔಟ್‌ನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಇದ್ದರೆ ಸಂಸ್ಕರಿಸಿದ ನೀರೇ ಸಿಗುತ್ತದೆ. ಮಳೆಗಾಲದಲ್ಲಿ ಏನೂ ಬೇಡ.

ಇನ್ನೊಂದು ಕಡೆ, ಟರ್ಫ್‌ಗೆ ನೀರೇ ಬೇಡ ಅನ್ನುವುದೂ ಸುಳ್ಳು. ಧೂಳು ತೊಳೆಯಬೇಕು. ನಾಯಿ ಇದ್ದರೆ ದಿನಾ ತೊಳೆಯಬೇಕು. ಬಿಸಿಲಿಗೆ ಕಾದರೆ ತಣ್ಣಗೆ ಮಾಡಲು ನೀರು ಚಿಮುಕಿಸಬೇಕು. ಹಾಕಿ ಆಟ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲಿಗೆ ಹೋದದ್ದು 1976ರ ಮಾಂಟ್ರಿಯಲ್‌ನಲ್ಲಿ. ಕೊಡಗಿನ ಹಾಕಿಪ್ರಿಯರಿಗೆ ಗೊತ್ತಿರುವಂತೆ, ದೊಡ್ಡ ಪಂದ್ಯಗಳಲ್ಲಿ ಆಟಕ್ಕೆ ಮುಂಚೆ ಆ ಮೈದಾನಕ್ಕೆ ನೀರು ಹೊಡೆಯುತ್ತಾರೆ.

ಹಾಗಾಗಿ ಚಿಕ್ಕ ಹಿತ್ತಲಿನಲ್ಲಿ ನೀರಿನ ಕಾರಣಕ್ಕೆ ಮಾತ್ರ ಟರ್ಫ್ ಆರಿಸಬೇಡಿ. ಬದಲಿಗೆ ಇನ್ನೊಂದು ಲೆಕ್ಕ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಆ 13 ಚದರ ಮೀಟರ್ ಮೇಲೆ ಬೀಳುವುದು 12,600 ಲೀಟರ್. ಮಣ್ಣು ತೆರೆದಿದ್ದರೆ ಅದರಲ್ಲಿ ಬಹುಪಾಲು ಇಂಗುತ್ತದೆ. ಟರ್ಫ್ ಕೆಳಗೆ ಜಲ್ಲಿ ಹಾಸಿದ್ದರೆ ಇಂಗುತ್ತದೆ. ಟರ್ಫ್ ಕೆಳಗೆ ಕಾಂಕ್ರೀಟ್ ಹಾಕಿಸಿದರೆ ಅಷ್ಟೂ ಚರಂಡಿಗೆ. ಎಷ್ಟೋ ಟರ್ಫ್ ಹಾಕುವವರು ಕೆಲಸ ಸುಲಭ ಆಗಲಿ ಅಂತ ‘ಮೊದಲು ಪಿಸಿಸಿ ಹಾಕಿಸಿ’, ಅಂದರೆ ಕಾಂಕ್ರೀಟ್ ಹಾಸು ಹಾಕಿಸಿ ಅನ್ನುತ್ತಾರೆ. ಮಣ್ಣಿನ ಹಿತ್ತಲಿನಲ್ಲಿ ದಯವಿಟ್ಟು ಒಪ್ಪಬೇಡಿ.

ಶಾಖ, ಬೆಂಕಿ, ಗಾಜು

ನಿಜವಾದ ಹುಲ್ಲು ಎಲೆಯಿಂದ ನೀರು ಆವಿ ಮಾಡುತ್ತಾ ತಣ್ಣಗಿರುತ್ತದೆ. ಪ್ಲಾಸ್ಟಿಕ್‌ಗೆ ಆ ದಾರಿ ಇಲ್ಲ. ನೇರ ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಹಾಕಿದರೆ ತಣ್ಣಗಾಗುತ್ತದೆ, ಆದರೆ ಬಿಸಿಲು ಹಾಗೇ ಇದ್ದರೆ ಸ್ವಲ್ಪ ಹೊತ್ತಿಗೇ ಮತ್ತೆ ಕಾಯುತ್ತದೆ. ಅಂಬೆಗಾಲಿಡುವ ಮಗು, ನಾಯಿಯ ಪಾದ ಎರಡಕ್ಕೂ ಇದು ದೊಡ್ಡ ವಿಷಯ. ಬೆಂಗಳೂರಿನಲ್ಲೇ ಹೀಗಾದರೆ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೇಗಿರಬೇಡ! ಅಲ್ಲಿ ಬಿಸಿಲು ಬೀಳುವ ಹಿತ್ತಲಿಗೆ ಟರ್ಫ್ ಬೇಡವೇ ಬೇಡ ಅಂತ ನಾನು ಖಂಡಿತ ಹೇಳುತ್ತೇನೆ. ಜೊತೆಗೆ ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲೆ ಹಾಸಿದ್ದು ಸಮನಾಗಿ ನಿಲ್ಲುವುದಿಲ್ಲ.

ಇನ್ನು ದೀಪಾವಳಿ. ಹೂಕುಂಡ, ಭೂಚಕ್ರ, ಸುರ್‌ಸುರ್ ಬತ್ತಿಯ ಒಂದು ಕಿಡಿ ಸಾಕು, ಪ್ಲಾಸ್ಟಿಕ್ ಕರಗಿ ಕಪ್ಪು ತೂತು ಬೀಳುತ್ತದೆ. ನಿಜವಾದ ಹುಲ್ಲು ಸುಟ್ಟರೆ ಮತ್ತೆ ಚಿಗುರುತ್ತದೆ. ತುಳಸಿಕಟ್ಟೆ ಇರುವ ಹಿತ್ತಲಿನಲ್ಲಿ ದಿನಾ ದೀಪ, ಊದುಬತ್ತಿ, ಕರ್ಪೂರ ಇರುತ್ತವೆ. ಕಟ್ಟೆಯ ಸುತ್ತ ಎರಡು ಅಡಿ ಕಲ್ಲಿನ ನೆಲ ಬಿಟ್ಟೇ ಟರ್ಫ್ ಹಾಸಿ. ರಂಗೋಲಿ ಹಾಕಲೂ ಜಾಗ ಆಗುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಎದುರು ಮನೆಯ ಗಾಜು. ಶಾಖ ತಡೆಯುವ ಲೇಪ ಇರುವ ಹೊಸ ಬಗೆಯ ಕಿಟಕಿ ಗಾಜು ಬಿಸಿಲನ್ನು ಒಟ್ಟುಗೂಡಿಸಿ ಒಂದೇ ಕಡೆ ಎರಚುವುದುಂಟು. ಆ ಪ್ರತಿಫಲನ ಬಿದ್ದ ಜಾಗದಲ್ಲಿ ಟರ್ಫ್ ಎಳೆಗಳು ಕರಗಿ ಮುದುಡುತ್ತವೆ. ರೋ ಹೌಸ್‌ಗಳಲ್ಲಿ ಮನೆಗಳು ಎದುರುಬದುರು ಇರುವುದರಿಂದ ಇದು ನಿಜವಾದ ಅಪಾಯ. ಫೋಟೊ ತೆಗೆಯುವ ದಿನ ನೆಲದ ಮೇಲೆ ಬೆಳ್ಳಗೆ ಹೊಳೆಯುವ ಪಟ್ಟೆ ಕಂಡರೆ ಗುರುತು ಹಾಕಿಕೊಳ್ಳಿ.

ನಿಜವಾದ ಹುಲ್ಲಿನಲ್ಲಿ ಯಾವುದು?

ನರ್ಸರಿಗೆ ಹೋದರೆ ಮುಖ್ಯವಾಗಿ ಮೂರು ಹೆಸರು ಕೇಳುತ್ತೀರಿ. ಮೆಕ್ಸಿಕನ್ ಗ್ರಾಸ್ ಸಣ್ಣ ಎಳೆ, ದಟ್ಟ, ಮೆತ್ತಗೆ. ನಿಧಾನ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ. ಚಿಕ್ಕ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಬಿಸಿಲು ಬೇಕೇ ಬೇಕು, ನೀರು ನಿಂತರೆ ಕೊಳೆಯುತ್ತದೆ. ಬರ್ಮುಡಾ ಅಂದರೆ ನಮ್ಮ ಗರಿಕೆಯ ಜಾತಿಯೇ. ತುಳಿತಕ್ಕೆ ಗಟ್ಟಿ, ಮಕ್ಕಳು ಕುಣಿದರೂ ಮತ್ತೆ ಏಳುತ್ತದೆ, ಆದರೆ ಬೇಗ ಬೆಳೆಯುವುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಬೇಕು. ನೆರಳಲ್ಲಿ ಸೊರಗುತ್ತದೆ. ಮೂರನೆಯದು ಬಫಲೋ ಗ್ರಾಸ್, ಅಗಲ ಎಲೆಯದು. ನೋಡಲು ಸ್ವಲ್ಪ ಒರಟು. ಆದರೆ 3-4 ಗಂಟೆ ಬಿಸಿಲಿನಲ್ಲೂ ಬದುಕುತ್ತದೆ. ಪೂರ್ವದ ಹಿತ್ತಲಿಗೆ, ಹೊಂಗೆಯೋ ಮಾವೋ ಪಕ್ಕದಲ್ಲಿರುವ ಮನೆಗೆ ಇದು ಸರಿ.

140 ಚದರಡಿಗೆ ಮಷೀನ್ ಬೇಡ. ದೊಡ್ಡ ಕತ್ತರಿ ಸಾಕು. ಕಳೆಯಲ್ಲಿ ತಲೆನೋವು ಕೊಡುವುದು ಕೊನ್ನಾರಿ ಗಡ್ಡೆ. ಮೇಲೆ ಕಿತ್ತರೆ ಕೆಳಗಿನ ಗಡ್ಡೆಯಿಂದ ಮತ್ತೆ ಬರುತ್ತದೆ. ಹುಲ್ಲು ಹಾಸುವ ಮೊದಲೇ ಮಣ್ಣು ಜರಡಿ ಹಿಡಿದು ಗಡ್ಡೆ ಆರಿಸಿ. ಟರ್ಫ್ ಹಾಕಿದರೂ ಈ ಕೆಲಸ ತಪ್ಪಿದ್ದಲ್ಲ, ಕೊನ್ನಾರಿಯ ಚೂಪು ಮೊಳಕೆ ಕೆಳಗಿನ ಬಟ್ಟೆಯನ್ನೂ ಚುಚ್ಚಿಕೊಂಡು ಬರಬಲ್ಲದು.

ಮನೆಯ ಮೂಲೆಯಲ್ಲಿ ಒಂದಿಷ್ಟು ಗರಿಕೆ ಇದ್ದರೆ ಗಣೇಶನ ಹಬ್ಬಕ್ಕೆ ಕೊಂಡು ತರಬೇಕಾಗಿಲ್ಲ. ಇದು ಹೋಲಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಆದರೂ ನನಗೆ ಇದು ದೊಡ್ಡ ಸಂತೋಷ.

ಹುಲ್ಲೇ ಯಾಕೆ ಬೇಕು?

ಇಡೀ ಹಿತ್ತಲಿಗೆ ಒಂದೇ ಹಾಸು ಹಾಕಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ನೆರಳು, ತೇವ ಇರುವ ಕಡೆ ಒಂದೆಲಗ ಹಬ್ಬಿಸಿ. ಬಳ್ಳಿಯಾಗಿ ತಾನೇ ಹರಡುತ್ತದೆ, ಕತ್ತರಿಸಿದ್ದು ತಂಬುಳಿಗೆ, ಚಟ್ನಿಗೆ. ತುಳಿದರೆ ನಲುಗುತ್ತದೆ, ಅದಕ್ಕೇ ನಡುವೆ ಹೆಜ್ಜೆ ಇಡಲು ಕಲ್ಲು ಹಾಕಿ. ಸ್ವಲ್ಪ ಬಿಸಿಲಿರುವ ಕಡೆ ಹಳದಿ ಹೂವಿನ, ನೆಲಗಡಲೆ ಜಾತಿಯ ಹಾಸುಗಿಡ ಸಿಗುತ್ತದೆ. ನರ್ಸರಿಯಲ್ಲಿ ಅರಾಕಿಸ್ ಪಿಂಟೋಯಿ ಅಂತ ಕೇಳಿ. ಕತ್ತರಿಸುವುದು ಅಪರೂಪ, ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ವೆಡೀಲಿಯಾ ಅನ್ನುವ ಇನ್ನೊಂದು ಹಳದಿ ಹೂವಿನ ಗಿಡವನ್ನು ಮಾತ್ರ ತರಬೇಡಿ. ಅದು ಪಕ್ಕದ ಮನೆಗೂ ನುಗ್ಗುತ್ತದೆ.

ತುಂಬಾ ಓಡಾಟ, ಬಟ್ಟೆ ಒಣಹಾಕುವುದು, ಪಾತ್ರೆ ತೊಳೆಯುವುದು ಇರುವ ಹಿತ್ತಲಿಗೆ ಕಲ್ಲಿಗಿಂತ ಒಳ್ಳೆಯದಿಲ್ಲ. ಸಾದರಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಸಿಮೆಂಟ್ ಇಲ್ಲದೆ ಮರಳಿನ ಮೇಲೆ ಕೂರಿಸಿ, ನಡುವೆ ಎರಡು ಇಂಚು ಬಿಟ್ಟು ಆ ಸಂದಿಗೆ ಮೆಕ್ಸಿಕನ್ ಹುಲ್ಲೋ ಗರಿಕೆಯೋ ತುಂಬಿದರೆ ನೀರೂ ಇಂಗುತ್ತದೆ, ಹಸಿರೂ ಕಾಣುತ್ತದೆ. ಬೇಡವಾದಾಗ ಚಪ್ಪಡಿ ಎತ್ತಿ ಬೇರೆ ಕಡೆ ಬಳಸಬಹುದು. ಇಂಟರ್‌ಲಾಕ್ ಇಟ್ಟಿಗೆ ಅಗ್ಗ, ಆದರೆ ಸಂದಿ ಕಿರಿದು, ಹಸಿರಿಗೆ ಜಾಗವಿಲ್ಲ.

ಟರ್ಫ್ ಎಲ್ಲಿ ಗೆಲ್ಲುತ್ತದೆ

ಕಾಂಕ್ರೀಟ್ ಮೇಲಿನ ಹಿತ್ತಲು, ಎರಡೂ ಕಡೆ ಎತ್ತರದ ಗೋಡೆಯ ನಡುವಿನ ಕಿರಿದಾದ ಓಣಿ, ವರ್ಷದ ಹೆಚ್ಚು ಭಾಗ ನೆರಳಿರುವ ಅಂಗಳ, ಅರ್ಧ ವರ್ಷ ಊರಲ್ಲೇ ಇರದವರ ಮನೆ. ಇಲ್ಲಿ ಟರ್ಫ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ವಯಸ್ಸಾದವರಿಗೆ ಒದ್ದೆ ಟೈಲ್ಸ್ ಮೇಲೆ ಜಾರುವ ಭಯ ಇದ್ದರೆ, ನೆರಳಿನಲ್ಲಿ ಹಾಸಿದ ಟರ್ಫ್ ಕಾಲಿಗೆ ಹಿಡಿತ ಕೊಡುತ್ತದೆ. ಆದರೆ ಮಂಗಳೂರು, ಉಡುಪಿಯವರು ಒಂದು ವಿಷಯ ಗಮನಿಸಿ. ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ನೆರಳಿನ ಟರ್ಫ್ ಮೇಲೂ ಪಾಚಿ ಬರುತ್ತದೆ. ಗಟ್ಟಿ ಪೊರಕೆಯಿಂದ ತಿಕ್ಕುತ್ತಲೇ ಇರಬೇಕು.

ನಾಯಿ ಇದ್ದವರಿಗೆ ಉತ್ತರ ಸುಲಭವಿಲ್ಲ. ನಿಜವಾದ ಹುಲ್ಲಿನಲ್ಲಿ ಮೂತ್ರ ಬಿದ್ದ ಕಡೆ ಹಳದಿ ಮಚ್ಚೆ, ಜೊತೆಗೆ ಗುಂಡಿ ತೋಡುವುದು. ಟರ್ಫ್‌ನಲ್ಲಿ ಮಚ್ಚೆ ಇಲ್ಲ, ಆದರೆ ವಾಸನೆ ಉಳಿಯುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆರೆಯಲಾರದಷ್ಟು. ಒಂದು ಮೂಲೆಯಲ್ಲಿ ನಾಲ್ಕು ಅಡಿ ಚೌಕ ಜಲ್ಲಿ ಅಥವಾ ಮಣ್ಣು ಬಿಟ್ಟು ನಾಯಿಗೆ ಅದನ್ನೇ ಅಭ್ಯಾಸ ಮಾಡಿಸುವುದು ಎರಡಕ್ಕಿಂತ ಒಳ್ಳೆಯದು. ಹೆಗ್ಗಣದ ಕಾಟ ಇರುವ ಹಿತ್ತಲಾದರೆ ಟರ್ಫ್ ಹಾಸುವ ಮೊದಲು ಬಿಲಗಳನ್ನು ಮುಚ್ಚಿಸಿ, ಅಂಚಿನಲ್ಲಿ ತಂತಿ ಬಲೆ ಹೂಳಿಸಿ. ಇಲ್ಲವಾದರೆ ಅದರ ಕೆಳಗೆ ಕಣ್ಣಿಗೆ ಬೀಳದೆ ಸುರಂಗ ತೋಡುತ್ತವೆ. ನೆಲ ಕುಸಿದಾಗಲೇ ಗೊತ್ತಾಗುವುದು.

ಕೊಳ್ಳುವುದೇ ಆದರೆ

ಎಳೆಯ ಉದ್ದ ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಬಾಲ್ಕನಿಗೆ 25 ಸಾಕು. ಹಿತ್ತಲಿಗೆ 35-40 ಸರಿ. 50 ನೋಡಲು ಚೆಂದ, ಆದರೆ ಬೇಗ ಒಂದು ಕಡೆಗೆ ಮಲಗಿಬಿಡುತ್ತದೆ. ಉದ್ದಕ್ಕಿಂತ ದಟ್ಟಣೆ ಮುಖ್ಯ. ಎಳೆಗಳನ್ನು ಕೈಯಿಂದ ಬಿಡಿಸಿದಾಗ ಕೆಳಗಿನ ಬಟ್ಟೆ ಸುಲಭವಾಗಿ ಕಂಡರೆ ಬೇಡ. ಎಳೆ ಪಾಲಿಥಿಲೀನ್ ಆಗಿದ್ದರೆ ಮೆತ್ತಗೆ, ಪಾಲಿಪ್ರೊಪಿಲೀನ್ ಆಗಿದ್ದರೆ ಅಗ್ಗ ಮತ್ತು ಒರಟು. ಬುಡದಲ್ಲಿ ಕಂದು ಬಣ್ಣದ ಗುಂಗುರು ಎಳೆ ಇದ್ದರೆ ನೆಟ್ಟಗೆ ನಿಲ್ಲಲು ಆಸರೆ. ಹಿಂಬದಿಯಲ್ಲಿ ನೀರು ಇಳಿಯಲು ತೂತುಗಳಿವೆಯಾ ನೋಡಿ. ಒಂದು ಅಡಿ ತುಂಡು ಸ್ಯಾಂಪಲ್ ಕೇಳಿ ಮನೆಗೆ ತನ್ನಿ. ಒಂದು ಚೊಂಬು ನೀರು ಸುರಿಯಿರಿ. ಎಳೆ ಹಿಡಿದು ಜಗ್ಗಿ, ಕಿತ್ತು ಬರಬಾರದು. ಮಧ್ಯಾಹ್ನ 1 ಗಂಟೆಗೆ ಬಿಸಿಲಲ್ಲಿಟ್ಟು ಅಂಗೈ ಒತ್ತಿ ನೋಡಿ. ಬಿಸಿಲಿಗೆ ಬಣ್ಣ ಹೋಗುವುದಿಲ್ಲ ಅನ್ನುವ ವಾರಂಟಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಬೆಂಗಳೂರಿನಲ್ಲಿ ಚದರಡಿಗೆ 35-40 ರೂಪಾಯಿಯಿಂದ ಹಿಡಿದು 100 ದಾಟುವವರೆಗೂ ಬೆಲೆ ಇದೆ. ತಳದ ಕೆಲಸ, ಹಾಸುವ ಕೂಲಿ ಹೆಚ್ಚಾಗಿ ಬೇರೆ. ಇಲ್ಲಿ ಒಂದು ಜಾಣತನದ ಲೆಕ್ಕ ಇದೆ. ಟರ್ಫ್ ಬರುವುದು ಸಾಮಾನ್ಯವಾಗಿ 2 ಮೀಟರ್ ಅಂದರೆ ಸುಮಾರು 6 ಅಡಿ 7 ಇಂಚು ಅಗಲದ ಸುರುಳಿಯಲ್ಲಿ. 10×14 ಅಡಿಯ ಹಿತ್ತಲಿಗೆ ಉದ್ದಕ್ಕೆ ಹಾಸಿದರೆ 14 ಅಡಿಯ ಎರಡು ಪಟ್ಟೆ ಬೇಕು. ಕೊಳ್ಳುವುದು 184 ಚದರಡಿ, ಬಳಸುವುದು 140. ಅದನ್ನೇ ಅಡ್ಡಕ್ಕೆ, 10 ಅಡಿಯ ಎರಡು ಪಟ್ಟೆಯಾಗಿ ಹಾಸಿ. ಎರಡೂ ಸೇರಿ 13 ಅಡಿ ಒಂದೂವರೆ ಇಂಚು ಮುಚ್ಚುತ್ತವೆ. ಉಳಿಯುವುದು ಹತ್ತೂವರೆ ಇಂಚಿನ ಒಂದು ಪಟ್ಟಿ. ಅಲ್ಲಿ ಮಲ್ಲಿಗೆಯೋ ದೊಡ್ಡಪತ್ರೆಯೋ ನೆಡಿ. ಕೊಳ್ಳುವುದು 131 ಚದರಡಿ ಮಾತ್ರ. ಚದರಡಿಗೆ 60 ರೂಪಾಯಿ ಅಂದುಕೊಂಡರೆ 3,000ಕ್ಕೂ ಹೆಚ್ಚು ಉಳಿಯಿತು, ಒಂದಿಷ್ಟು ಮಣ್ಣೂ ಉಸಿರಾಡಿತು.

ಹಾಸುವಾಗ ಪಕ್ಕದಲ್ಲೇ ನಿಂತು ನೋಡಿ. ಮಣ್ಣಿನ ಮೇಲಾದರೆ 3-4 ಇಂಚು ಅಗೆದು, ಜಲ್ಲಿ ಹಾಕಿ, ಮೇಲೆ ಕ್ರಷರ್ ಪುಡಿ ಹರಡಿ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಮನೆಯ ಗೋಡೆಯಿಂದ ಆಚೆಗೆ 8 ಅಡಿಗೆ ಒಂದು ಇಂಚು ಇಳಿಜಾರು ಇರಬೇಕು. ಟರ್ಫ್ ನೆಲದ ಮೇಲಿನ ಚಾಪೆ ಇದ್ದ ಹಾಗೆ, ಕೆಳಗಿನ ಉಬ್ಬುತಗ್ಗು ಎಲ್ಲ ಮೇಲೆ ಕಾಣುತ್ತದೆ. ಸುರುಳಿ ಬಿಚ್ಚಿ ಒಂದೆರಡು ಗಂಟೆ ಹಾಗೇ ಬಿಟ್ಟರೆ ಮಡಿಕೆ ಬಿಡುತ್ತದೆ. ಎರಡೂ ಪಟ್ಟೆಯ ಎಳೆ ಒಂದೇ ದಿಕ್ಕಿಗೆ ವಾಲಬೇಕು. ಇಲ್ಲದಿದ್ದರೆ ಒಂದೇ ಸುರುಳಿಯದಾದರೂ ಎರಡು ಬಣ್ಣದ ಹಾಗೆ ಕಾಣುತ್ತದೆ. ಸೇರುವ ಕಡೆ ಟೇಪ್ ಮತ್ತು ಅಂಟು, ಅಂಚಿಗೆ ಮೊಳೆ. ಕೊನೆಗೆ ಚದರಡಿಗೆ ಅರ್ಧದಿಂದ ಒಂದು ಕೆಜಿ ಸಿಲಿಕಾ ಮರಳು ಉದುರಿಸಿ ಗುಡಿಸಬೇಕು. ಎಳೆ ನಿಲ್ಲುವುದು, ಹಾಸು ಮೇಲೇಳದಿರುವುದು ಇದರಿಂದಲೇ. ಹೆಚ್ಚಿನವರು ಇದನ್ನು ಬಿಟ್ಟೇ ಹೋಗುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಚೇಂಬರ್ ಮತ್ತು ಸಂಪ್ ಮುಚ್ಚಳದ ಮೇಲಿನ ತುಂಡನ್ನು ಅಂಟಿಸದೆ ಬೇರೆಯಾಗಿ ಕತ್ತರಿಸಿಡಲು ಹೇಳಿ. ಒಳಚರಂಡಿ ಕಟ್ಟಿದ ದಿನ ಅದರ ಬೆಲೆ ತಿಳಿಯುತ್ತದೆ. ಕಾಂಕ್ರೀಟ್ ಮೇಲಾದರೆ ಅಂಚಿಗೆ ಮಾತ್ರ ಅಂಟು ಸಾಕು.

ಹತ್ತು ವರ್ಷ ಆದ ಮೇಲೆ

ಒಳ್ಳೆಯ ಟರ್ಫ್ ಹತ್ತು ವರ್ಷದ ಆಸುಪಾಸು ಬರುತ್ತದೆ. ಅಗ್ಗದ್ದು ಮೂರು ನಾಲ್ಕು ವರ್ಷಕ್ಕೆ ಬಣ್ಣ ಬಿಟ್ಟು ಎಳೆ ಉದುರಿಸುತ್ತದೆ. ಆಮೇಲೆ? ಎಳೆ ಒಂದು ಪ್ಲಾಸ್ಟಿಕ್, ಬಟ್ಟೆ ಇನ್ನೊಂದು, ಅಂಟು ಲೇಟೆಕ್ಸ್. ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ, ಗುಜರಿಯವರು ಮುಟ್ಟುವುದಿಲ್ಲ. ಉದುರಿದ ಎಳೆಗಳು ಮಳೆನೀರಿನ ಜೊತೆ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಈ ಚಿಂತೆ ನಮ್ಮದೊಂದೇ ಅಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿರ್ಬಂಧಿಸಿದಾಗ ಆಟದ ಟರ್ಫ್‌ಗೆ ತುಂಬುವ ರಬ್ಬರ್ ಹರಳುಗಳಿಗೂ 8 ವರ್ಷದ ಗಡುವು ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 2015ರ ಬರದ ಕಾಲದಲ್ಲಿ ಊರಾಡಳಿತಗಳು ಮನೆಯಂಗಳದ ಕೃತಕ ಹುಲ್ಲನ್ನು ನಿಷೇಧಿಸುವಂತಿಲ್ಲ ಎಂದು ಕಾನೂನು ಬಂದಿತ್ತು. 2023ರಲ್ಲಿ ಅದನ್ನು ಬದಲಿಸಿ, ಬೇಕಾದರೆ ನಿಷೇಧಿಸಬಹುದು ಎಂದರು. ಅಲ್ಲಿ ಟೌನ್‌ಹೋಮ್‌ಗಳಲ್ಲಿರುವ ಕನ್ನಡಿಗರು ಹಾಸುವ ಮೊದಲು ತಮ್ಮ ಊರಿನ ನಿಯಮ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿಯೂ ಗೇಟೆಡ್ ಲೇಔಟ್‌ಗಳಲ್ಲಿ ಮುಂಭಾಗದ ಹಸಿರು ಪಟ್ಟಿಗೆ ಅಸೋಸಿಯೇಷನ್ ನಿಯಮ ಇರುತ್ತದೆ. ಹಿತ್ತಲಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಮನೆ ಬಾಡಿಗೆಯದಾಗಿದ್ದರೆ ಟರ್ಫ್ ಅಂಟಿಸಬೇಡಿ. ಕುಂಡ, ಎತ್ತಿಡಬಹುದಾದ ಚಪ್ಪಡಿ ಸಾಕು. ಚಿಕ್ಕ ಮಕ್ಕಳಿದ್ದು ಬಿಸಿಲಿರುವ ಮಣ್ಣಿನ ಹಿತ್ತಲಾದರೆ ಕಣ್ಣು ಮುಚ್ಚಿ ಬರ್ಮುಡಾ ಹಾಕಿ, ಮಕ್ಕಳು ಮಣ್ಣಾಗಲಿ. ಉತ್ತರದ ಹಿತ್ತಲು, ಕೆಳಗೆ ಮಣ್ಣಿದೆ ಅಂದರೆ ಕಲ್ಲು ಮತ್ತು ಒಂದೆಲಗ. ಉತ್ತರದ ಹಿತ್ತಲು, ಕೆಳಗೆ ಕಾಂಕ್ರೀಟ್ ಅಂದರೆ 35 ಮಿಲಿಮೀಟರ್ ಟರ್ಫ್, ಗೋಡೆಗುಂಟ ಕುಂಡಗಳು. ಬಿಸಿಲು ಇದೆ, ಕೆಳಗೆ ಕಾಂಕ್ರೀಟ್ ಅಂದಾಗ ಮಾತ್ರ ನಿಜಕ್ಕೂ ಕಷ್ಟ. ಅಲ್ಲಿ ನಾನಾದರೆ ಮೇಲೆ ಹಸಿರು ನೆಟ್ ಕಟ್ಟಿ ನೆರಳು ಮಾಡಿ, ಅರ್ಧ ಜಾಗಕ್ಕೆ ಮಾತ್ರ ಟರ್ಫ್ ಹಾಸಿ, ಇನ್ನರ್ಧದಲ್ಲಿ ದೊಡ್ಡ ಕುಂಡಗಳಲ್ಲಿ ನಿಂಬೆ, ಕರಿಬೇವು ಇಡುತ್ತೇನೆ.

ನಿಜವಾದ ಹುಲ್ಲು ಹಾಸುವುದಾದರೆ ಜೂನ್ ಮೊದಲ ಮಳೆ ಬಿದ್ದ ಮೇಲೆ ಶುರು ಮಾಡಿ. ಬೇರು ಹಿಡಿಯುವ ಮೊದಲ ಮೂರು ವಾರದ ನೀರನ್ನು ಮಳೆಯೇ ಕೊಡುತ್ತದೆ. ಟರ್ಫ್ ಆದರೆ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಒದ್ದೆ ಮಣ್ಣಿನ ಮೇಲೆ ತಳ ಗಟ್ಟಿಯಾಗುವುದಿಲ್ಲ, ಅಂಟೂ ಹಿಡಿಯುವುದಿಲ್ಲ.